ನಕ್ಷತ್ರಕ್ಕೆ ಶ್ರುತಿ ಹಿಡಿಯುವ ದೀಪ

ಹೊಸ ಗ್ರಹ ಸಿಕ್ಕ ಸುದ್ದಿಯ ಜೊತೆಗೆ ದೂರದರ್ಶಕದ ಚಿತ್ರ ಅಚ್ಚಾಗುತ್ತದೆ. ಆ ರಾತ್ರಿ ಅಲ್ಲೇ ಉರಿಯುತ್ತಿದ್ದ, ಗೇಣುದ್ದವೂ ಇಲ್ಲದ ದೀಪದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಅದು ಅನ್ಯಾಯ.

1995ರಲ್ಲಿ ಫ್ರಾನ್ಸಿನ ಓತ್-ಪ್ರೊವಾನ್ಸ್ ವೀಕ್ಷಣಾಲಯದಲ್ಲಿ ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ, 51 ಪೆಗಾಸಿ ನಕ್ಷತ್ರವು ತನ್ನನ್ನು ಸುತ್ತುವ ಗ್ರಹದ ಸೆಳೆತಕ್ಕೆ 4.2 ದಿನಕ್ಕೊಮ್ಮೆ ಹಿಂದಕ್ಕೂ ಮುಂದಕ್ಕೂ ಓಲಾಡುವುದನ್ನು ಕಂಡರು. ವೇಗ ಸೆಕೆಂಡಿಗೆ ಸುಮಾರು 59 ಮೀಟರ್. ಇಷ್ಟಕ್ಕೆ ನಕ್ಷತ್ರದ ರೋಹಿತದ ಹಸಿರು ಗೆರೆ ಜರುಗುವುದು ನ್ಯಾನೋಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಸ್ಪೆಕ್ಟ್ರೋಗ್ರಾಫಿನೊಳಗೆ ಗಾಳಿಯ ಒತ್ತಡ ತುಸು ಏರುಪೇರಾದರೂ ಗೆರೆ ಅದಕ್ಕಿಂತ ಹೆಚ್ಚು ಸರಿಯುತ್ತದೆ! ಜರುಗಿದ್ದು ನಕ್ಷತ್ರವೋ ಯಂತ್ರವೋ?

ಕಛೇರಿಯಲ್ಲಿ ಗಾಯಕರು ಮೊದಲಿಗೆ ಶ್ರುತಿ ಕೇಳಿಕೊಂಡು ತಂಬೂರಿಯನ್ನು ಪಕ್ಕಕ್ಕಿಡುವುದಿಲ್ಲ. ಮಂಗಳದವರೆಗೂ ಅದು ಮೀಟುತ್ತಲೇ ಇರಬೇಕು. ದನಿ ಕೂದಲೆಳೆಯಷ್ಟು ಇಳಿದರೂ ಆ ಕ್ಷಣವೇ ತಿಳಿಯಬೇಕು. ಮೇಯರ್ ತಂಡ ಮಾಡಿದ್ದೂ ಅದನ್ನೇ. ಒಂದು ಫೈಬರಿನಲ್ಲಿ ನಕ್ಷತ್ರದ ಬೆಳಕು, ಇನ್ನೊಂದರಲ್ಲಿ ದೀಪದ್ದು. ಎರಡೂ ಏಕಕಾಲಕ್ಕೆ ಅಕ್ಕಪಕ್ಕ ದಾಖಲಾದವು. ಯಂತ್ರ ಅಲುಗಿದರೆ ಎರಡೂ ಜರುಗುತ್ತವೆ, ನಕ್ಷತ್ರ ಓಲಾಡಿದರೆ ಅದೊಂದೇ.

ದೀಪವೆಂದರೆ ಗಾಜಿನ ಬುರುಡೆ, ಒಳಗೆ ಥೋರಿಯಂನ ಪುಟ್ಟ ಟೊಳ್ಳು ಕೊಳವೆ, ಸುತ್ತ ತೆಳು ಆರ್ಗಾನ್. ಕೆಲವು ನೂರು ವೋಲ್ಟ್ ಕೊಟ್ಟರೆ ಆರ್ಗಾನ್ ಅಯಾನುಗಳು ಲೋಹಕ್ಕೆ ಬಡಿದು ಪರಮಾಣುಗಳನ್ನು ಎಬ್ಬಿಸುತ್ತವೆ, ಅವು ಬೆಳಗುತ್ತವೆ. ಥೋರಿಯಂ ಯಾಕೆ? ನಿಸರ್ಗದಲ್ಲಿ ಅದು ಹೆಚ್ಚುಕಡಿಮೆ ಒಂದೇ ಐಸೊಟೋಪ್, ಹಾಗಾಗಿ ಗೆರೆಗಳು ಕವಲೊಡೆಯುವುದಿಲ್ಲ. ಭಾರದ ಪರಮಾಣು ನಿಧಾನಕ್ಕೆ ಚಲಿಸುವುದರಿಂದ ಗೆರೆ ಹರಡಿಕೊಳ್ಳುವುದೂ ಕಡಿಮೆ. ಅಂಥ ಗೆರೆಗಳು ಸಾವಿರಾರು; ಪ್ರತಿಯೊಂದರ ತರಂಗಾಂತರವನ್ನೂ ಪ್ರಯೋಗಾಲಯದಲ್ಲಿ ಅಳೆದು ಪಟ್ಟಿ ಮಾಡಿಟ್ಟಿದ್ದಾರೆ. ಆ ಪಟ್ಟಿ ತಯಾರಿಸಿದವರ ತಾಳ್ಮೆಗೆ ನನ್ನ ನಮಸ್ಕಾರ.

ಇಷ್ಟು ನಿಖರತೆ ಬೇಡವಾದ ಕೆಲಸಕ್ಕೆ ಬೇರೆ ದೀಪಗಳಿವೆ. ಹೊಸಕೋಟೆಯಲ್ಲಿ ಕೂತು ಲಡಾಖಿನ ಹಾನ್ಲೆ ದೂರದರ್ಶಕವನ್ನು ನಡೆಸುವವರಿಗೆ ಕಬ್ಬಿಣ-ಆರ್ಗಾನ್, ಕಬ್ಬಿಣ-ನಿಯಾನ್ ದೀಪಗಳೇ ಸಾಕಾಗುತ್ತವೆ.

ಸಮಾನ ಅಂತರದ ಗೆರೆಗಳನ್ನು ಕೊಡುವ ಲೇಸರ್ ಬಾಚಣಿಗೆ ಬಂತು, ದೀಪದ ಕಾಲ ಮುಗಿಯಿತು ಎಂಬ ಮಾತು ಬಹಳ ವರ್ಷಗಳಿಂದ ಕೇಳಿಬರುತ್ತಿದೆ. ಸೂರ್ಯನನ್ನು ಭೂಮಿ ಅಲುಗಿಸುವುದು ಸೆಕೆಂಡಿಗೆ ಬರೀ 9 ಸೆಂಟಿಮೀಟರ್. ಅದನ್ನು ಹಿಡಿಯಲು ದೀಪ ಸಾಲದು ಎನ್ನುವುದು ನಿಜ. ಆದರೆ ಬಾಚಣಿಗೆ ದುಬಾರಿ, ಆರೈಕೆಯೂ ಹೆಚ್ಚು. ದೀಪದ ನಿಜವಾದ ತೊಂದರೆ ಬೇರೆ: ಶುದ್ಧ ಥೋರಿಯಂ ಲೋಹದ ದೀಪಗಳು ಈಗ ಸುಲಭಕ್ಕೆ ಸಿಗುತ್ತಿಲ್ಲ. ಅದಕ್ಕೇ ಅಬು ಪರ್ವತದ 2.5 ಮೀಟರ್ ದೂರದರ್ಶಕದ ಪರಾಸ್-2 ಸ್ಪೆಕ್ಟ್ರೋಗ್ರಾಫ್ ಯುರೇನಿಯಂ-ಆರ್ಗಾನ್ ದೀಪವನ್ನು ಬಳಸುತ್ತಿದೆ.