ಸ್ಪ್ಯಾನಿಷ್ ಭಾಷೆಯ ಸ್ತ್ರೀವಾಚಕಗಳು

ಹೆಣ್ಣನ್ನು ಯಾವ ಮಾತಿನಿಂದ ಕರೆಯುತ್ತಾರೆ ಎಂಬುದರಲ್ಲಿ ಒಂದು ಸಮಾಜದ ಮನೋಧರ್ಮ ಅಡಗಿರುತ್ತದೆ. ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನ ಮೊದಲಾದ ದೇಶಗಳಲ್ಲಿ ಬಳಕೆಯಲ್ಲಿರುವ ಸ್ಪ್ಯಾನಿಷ್ ಭಾಷೆ ಇದಕ್ಕೆ ಒಳ್ಳೆಯ ನಿದರ್ಶನ.

ಆ ಭಾಷೆಯಲ್ಲಿ ಹೆಂಗಸು ಎಂಬುದಕ್ಕೆ ಸಾಮಾನ್ಯವಾದ ಪದ 'ಮುಹೇರ್'. ಲ್ಯಾಟಿನ್ ಮೂಲದ ಈ ಪದಕ್ಕೆ ಹೆಂಡತಿ ಎಂಬ ಅರ್ಥವೂ ಉಂಟು. ಆದ್ದರಿಂದ 'ನನ್ನ ಮುಹೇರ್' ಎಂದರೆ ನನ್ನ ಹೆಂಡತಿ ಎಂದೇ ತಿಳಿಯಬೇಕು. 'ಎಂಬ್ರ' ಎಂಬುದು ಮುಖ್ಯವಾಗಿ ಪ್ರಾಣಿಗಳಲ್ಲಿ ಹೆಣ್ಣನ್ನು ಸೂಚಿಸುವ ಪದ. ಸ್ತ್ರೀಯರನ್ನು ಹಾಗೆಂದರೆ ಒರಟಾಗಿ ಕೇಳಿಸುತ್ತದೆ.

ಗೌರವದಿಂದ ಮಾತನಾಡಿಸುವಾಗ ವಿವಾಹಿತೆಯನ್ನು 'ಸೆನ್ಯೋರ' ಎಂದೂ ಅವಿವಾಹಿತೆಯನ್ನು 'ಸೆನ್ಯೋರಿತ' ಎಂದೂ ಕರೆಯುವುದು ಹಳೆಯ ರೂಢಿ. ಹಿರಿಯ ಸ್ತ್ರೀಯ ಅಂಕಿತನಾಮದ ಮೊದಲು 'ದೋನ್ಯ' ಎಂದು ಸೇರಿಸುವುದುಂಟು. ಒಡತಿ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅದು ಬಂದಿದೆ.

ಪುರುಷನಾದರೋ ಮದುವೆಗೆ ಮುಂಚೆಯೂ ಅನಂತರವೂ 'ಸೆನ್ಯೋರ್' ಆಗಿಯೇ ಉಳಿಯುತ್ತಾನೆ. 'ಸೆನ್ಯೋರಿತೊ' ಎಂಬ ಪುಲ್ಲಿಂಗ ರೂಪವಿದ್ದರೂ ಅದು ದುಡಿಯದೆ ಸುಖಪಡುವ ಸಿರಿವಂತರ ಮಗನನ್ನು ಹಂಗಿಸುವ ಮಾತಾಗಿದೆ. ಹೆಣ್ಣಿಗೆ ಮಾತ್ರ ಈ ಭೇದವೇಕೆ ಎಂದು ಅನೇಕರು ಪ್ರಶ್ನಿಸಿದರು. ಆದಕಾರಣ ಇಂದು ವಿವಾಹದ ವಿಚಾರವನ್ನೆತ್ತದೆ, ವಯಸ್ಕ ಸ್ತ್ರೀಯನ್ನು 'ಸೆನ್ಯೋರ' ಎನ್ನುವುದೇ ಉಚಿತವೆಂಬ ಭಾವನೆ ಬಲಗೊಂಡಿದೆ.

ಪದವಿಗಳ ಹೆಸರಿನಲ್ಲಿಯೂ ಇಂತಹ ವಿವೇಚನೆ ನಡೆದಿದೆ. ಅಧ್ಯಕ್ಷ ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ 'ಪ್ರೆಸಿದೆಂತೆ' ಎನ್ನುತ್ತಾರೆ. 2024ರಲ್ಲಿ ಮೆಕ್ಸಿಕೊ ದೇಶದ ಪ್ರಥಮ ಮಹಿಳಾ ಅಧ್ಯಕ್ಷರಾದ ಕ್ಲಾಡಿಯಾ ಶೇನ್‌ಬಾಮ್ ಅವರು 'ಪ್ರೆಸಿದೆಂತ' ಎಂಬ ಸ್ತ್ರೀಲಿಂಗ ರೂಪವನ್ನೇ ಬಳಸಬೇಕೆಂದರು.

ವ್ಯಾಕರಣ ಬಲ್ಲವನು ಪದವನ್ನು ತಪ್ಪಿಲ್ಲದೆ ನುಡಿದಾನು. ಎದುರಿಗಿರುವವರನ್ನು ಗೌರವಿಸಬಲ್ಲವನು ತಕ್ಕ ಪದವನ್ನೇ ಆರಿಸುತ್ತಾನೆ.