ಗಾಬರಿಯ ಗುರುತು

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಕೃಷ್ಣೆ ದೂಧಗಂಗೆ ವೇದಗಂಗೆಗಳು ಹರಿಯುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹಳ್ಳಿಗಳಲ್ಲಿ, ನಡುರಾತ್ರಿ ಬಾಡಿಗೆಯ ಗಾಡಿಯೊಂದು ಯಾರದಾದರೂ ಮನೆಯ ಮುಂದೆ ಬಂದು ನಿಂತಿತೆಂದರೆ, ಅದು ಹೊರಡುವುದು ಮಿರಜಿಗೋ ಬೆಳಗಾವಿಗೋ ಇರಬೇಕೆಂದು ನೆರೆಹೊರೆಯವರು ಕೇಳದೆಯೇ ತಿಳಿಯುತ್ತಾರೆ. 1894ರಲ್ಲಿ ವಿಲಿಯಂ ವಾನ್‌ಲೆಸ್ ಎಂಬ ಮಿಶನರಿ ವೈದ್ಯರು ಸ್ಥಾಪಿಸಿದ ಆಸ್ಪತ್ರೆಯ ಕಾಲದಿಂದಲೂ ಗಡಿಯಾಚೆಯ ಮಿರಜ ಈ ಕಡೆಯ ಕನ್ನಡಿಗರಿಗೆ ವೈದ್ಯದ ಊರು. ಅಲ್ಲಿಗೆ ಧಾವಿಸುವವರ ವ್ಯಾಧಿಗಳು ನಾನಾ ಬಗೆಯವು. ಅವುಗಳಲ್ಲಿ ವೈದ್ಯಶಾಸ್ತ್ರಕ್ಕೆ ಚಿರಪರಿಚಿತವಾಗಿದ್ದೂ ಮನೆಮಂದಿಗೆ ಅಪರಿಚಿತವಾಗಿಯೇ ಉಳಿದಿರುವ ಒಂದನ್ನು ಕುರಿತು ಇಲ್ಲಿ ನಾಲ್ಕು ಮಾತು.

ಒಬ್ಬ ತರುಣನನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಇಪ್ಪತ್ತೆಂಟು, ಹಂಗಾಮಿನಲ್ಲಿ ಟ್ರ್ಯಾಕ್ಟರ್ ಹೂಡಿ ಕಾರ್ಖಾನೆಗೆ ಕಬ್ಬು ಸಾಗಿಸುವವನು, ಬರಬೇಕಾದ ಬಿಲ್ಲು ಬಂದಿಲ್ಲ, ಕಟ್ಟಬೇಕಾದ ಕಂತು ನಿಂತಿಲ್ಲ. ಉಂಡು ಮಲಗಿದವನು ಅರೆನಿದ್ರೆಯಿಂದ ದಿಗ್ಗನೆದ್ದು ಕುಳಿತು, ಎದೆಯನ್ನು ಅಂಗೈಯಿಂದ ಒತ್ತಿ ಹಿಡಿದು, "ಅವ್ವಾ, ಎದಿ ಡಬಡಬ ಹೊಡಕೊಳ್ಳಾಕತ್ತೈತಿ, ದಮ್ಮ ಹತ್ತಾಕತ್ತೈತಿ, ಜೀವಾ ಹೋದಂಗ ಆಗಾಕತ್ತೈತಿ" ಎನ್ನುತ್ತಾನೆ. ಮೈ ಬೆವೆತಿದೆ, ಬೆರಳ ತುದಿಗಳೂ ತುಟಿಯ ಸುತ್ತಲೂ ಜುಮುಜುಮು ಎನ್ನುತ್ತಿವೆ, ಕೈ ನಡುಗುತ್ತಿದೆ. ತಾಯಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಾಳೆ, ಅಣ್ಣ ಗಾಡಿ ತರುತ್ತಾನೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅಬ್ಬರವೆಲ್ಲ ಇಳಿದು ದಣಿವು ಮಾತ್ರ ಉಳಿದಿರುತ್ತದೆ. ಇಸಿಜಿ ಸರಿಯಾಗಿದೆ, ರಕ್ತದೊತ್ತಡ ಸರಿಯಾಗಿದೆ. ಒಂದು ಸಲಾಯಿನ್ ಹಚ್ಚಿ, "ಏನೂ ಇಲ್ಲ, ಟೆನ್ಶನ್ ತಗೋಬ್ಯಾಡ್ರಿ" ಎಂದು ಹೇಳಿ ಕಳಿಸುತ್ತಾರೆ.

ಈ "ಏನೂ ಇಲ್ಲ" ಎಂಬುದು ಹೃದಯದ ಮಟ್ಟಿಗೆ ಸತ್ಯ; ಆ ತರುಣನ ಮಟ್ಟಿಗೆ ಅರ್ಧಸತ್ಯ. ಸಾವನ್ನು ಕಣ್ಣಾರೆ ಕಂಡಂತೆ ನಡುಗಿದವನಿಗೆ ಆ ಮಾತು, ತಾನು ಅನುಭವಿಸಿದ್ದೆಲ್ಲ ಸುಳ್ಳು ಅಥವಾ ನಾಟಕ ಎಂದಂತೆ ಕೇಳುತ್ತದೆ. ಹೃದಯದಲ್ಲಿ ದೋಷವಿಲ್ಲವೆಂಬ ಸಮಾಧಾನದ ಬದಲು, ವೈದ್ಯರಿಗೂ ಸಿಗದ ಯಾವುದೋ ಗುಪ್ತರೋಗ ತನಗಿದೆಯೆಂಬ ಶಂಕೆ ಅವನೊಡನೆ ಮನೆಗೆ ಬರುತ್ತದೆ. ವಾಸ್ತವವಾಗಿ ಅವನಿಗಾದದ್ದಕ್ಕೆ ಹೆಸರುಂಟು, ಲಕ್ಷಣವುಂಟು, ಚಿಕಿತ್ಸೆಯೂ ಉಂಟು. ವೈದ್ಯರು ಅದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ; ಗಾಬರಿಯ ಆವೇಗ ಎಂದು ನಾವು ಕರೆಯಬಹುದು.

ಭಯವೆಂಬುದು ಮೂಲತಃ ದೋಷವಲ್ಲ. ಅದು ಪ್ರಾಣರಕ್ಷಣೆಗಾಗಿ ಪ್ರಕೃತಿ ದೇಹದೊಳಗಿಟ್ಟ ಏರ್ಪಾಡು. ಅಪಾಯದ ಸುಳಿವು ದೊರೆತೊಡನೆ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರಿ, ಓಡುವುದಕ್ಕೋ ಹೋರಾಡುವುದಕ್ಕೋ ಬೇಕಾದ ಶಕ್ತಿಯನ್ನು ಸ್ನಾಯುಗಳಿಗೆ ಒದಗಿಸಲೆಂದು ಹೃದಯದ ಬಡಿತ ತೀವ್ರವಾಗುತ್ತದೆ, ಉಸಿರು ಬಿರುಸಾಗುತ್ತದೆ, ಮೈ ಬೆವರುತ್ತದೆ, ಬಾಯಿ ಒಣಗುತ್ತದೆ. ವಿರಾಟನ ಮಗ ಉತ್ತರಕುಮಾರ ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ ಪ್ರಸಂಗವನ್ನು ಕೇಳಿ ನಗದ ಕನ್ನಡಿಗನಿಲ್ಲ. ಆದರೆ ಅವನ ಭಯಕ್ಕೆ ಎದುರಿಗೆ ಭೀಷ್ಮದ್ರೋಣರ ಸೇನೆಯಾದರೂ ಇತ್ತು. ಗಾಬರಿಯ ಆವೇಗದಲ್ಲಿ ಸೇನೆಯಿಲ್ಲ; ದೇಹ ಮಾತ್ರ ಸೇನೆಯೆದುರು ನಿಂತಂತೆಯೇ ವರ್ತಿಸುತ್ತದೆ. ಕಳ್ಳನಿಗೆ ಬೊಗಳಬೇಕಾದ ತೋಟದ ನಾಯಿ ಗಾಳಿಗೆ ಅಲುಗಿದ ಕಬ್ಬಿನ ಗರಿಗೆ ಬೊಗಳಿತೆಂದರೆ ಬೊಗಳಿದ್ದು ಸುಳ್ಳಾಗುವುದಿಲ್ಲ. ಸುಳ್ಳಾದದ್ದು ಕಳ್ಳ ಬಂದನೆಂಬುದಷ್ಟೇ.

ಆವೇಗದ ಲಕ್ಷಣಗಳನ್ನು ಒಂದೊಂದಾಗಿ ತಿಳಿದುಕೊಂಡಿರುವುದು ಉಪಯುಕ್ತ. ಎದೆ ಹೊಡೆದುಕೊಳ್ಳುವುದು, ಬೆವರು, ನಡುಕ, ಉಸಿರು ಸಾಲದಂತಾಗುವುದು, ಗಂಟಲು ಬಿಗಿದಂತಾಗುವುದು, ಎದೆನೋವು, ಹೊಟ್ಟೆಯ ಕಳವಳ, ತಲೆ ಗಿರ್ರನೆ ತಿರುಗುವುದು, ಮೈಯಲ್ಲಿ ಚಳಿ ಅಥವಾ ಬಿಸಿಯ ಅಲೆ ಏಳುವುದು, ಕೈಕಾಲು ಜುಮುಗುಟ್ಟುವುದು, ಇವು ದೇಹದವು. ತಾನು ತಾನಲ್ಲವೆಂಬಂತೆ, ಸುತ್ತಲಿನ ಜಗತ್ತು ಕನಸೆಂಬಂತೆ ತೋರುವುದು, ಹುಚ್ಚು ಹಿಡಿಯುತ್ತದೆ ಎಂಬ ಭೀತಿ, ಈಗಲೇ ಸಾಯುತ್ತೇನೆಂಬ ನಿಶ್ಚಯ, ಇವು ಮನಸ್ಸಿನವು. ಇವುಗಳಲ್ಲಿ ನಾಲ್ಕಾದರೂ ಒಟ್ಟಿಗೆ, ಹಠಾತ್ತನೆ ತಲೆದೋರಿ, ಕೆಲವೇ ನಿಮಿಷಗಳಲ್ಲಿ ಶಿಖರ ಮುಟ್ಟಿ, ಬಳಿಕ ತಾವಾಗಿಯೇ ಇಳಿಯತೊಡಗುವುದು ಇದರ ಮುಖ್ಯ ಗುರುತು. ಬೆರಳುಗಳ ಜುಮುಗುಟ್ಟುವಿಕೆಗೂ ತಲೆಸುತ್ತಿಗೂ ಕಾರಣ ಸರಳವಾದುದು: ಬಿರುಸಾದ ಉಸಿರಾಟದಿಂದ ರಕ್ತದೊಳಗಿನ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗುತ್ತದೆ, ಆದಕಾರಣ ಉಸಿರು ಸಾಲದೆಂದು ಇನ್ನಷ್ಟು ಎಳೆದುಕೊಂಡವನಿಗೆ ತೊಂದರೆ ಹೆಚ್ಚೇ ಹೊರತು ಕಡಿಮೆಯಲ್ಲ.

ಆತಂಕದ ಇನ್ನೊಂದು ರೂಪ ಹೀಗೆ ಅಬ್ಬರಿಸಿ ಬರುವುದಿಲ್ಲ. ತಿಂಗಳುಗಟ್ಟಲೆ ಮನೆಯಲ್ಲೇ ನೆಲೆಸಿರುತ್ತದೆ. ಮಗ ಬೈಕಿನಲ್ಲಿ ಸಂಕೇಶ್ವರಕ್ಕೆ ಹೋದರೆ ಅಪಘಾತದ ಚಿಂತೆ, ಫೋನು ರಿಂಗಣಿಸಿದರೆ ಕೆಟ್ಟ ಸುದ್ದಿಯ ಚಿಂತೆ. ನಿದ್ರೆ ಬಾರದು, ಕತ್ತು ಭುಜಗಳು ಬಿಗಿದಿರುತ್ತವೆ, ಬೇಗ ದಣಿವಾಗುತ್ತದೆ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆ, ಕೈಗೆತ್ತಿಕೊಂಡ ಕೆಲಸದಲ್ಲಿ ಲಕ್ಷ್ಯ ನಿಲ್ಲುವುದಿಲ್ಲ. ಇಂಥ ಅವಸ್ಥೆ ಆರು ತಿಂಗಳ ಕಾಲ ಹೆಚ್ಚಿನ ದಿನಗಳಲ್ಲಿ ಉಳಿದು ಸಂಸಾರವನ್ನೂ ದುಡಿಮೆಯನ್ನೂ ಬಾಧಿಸಿದರೆ ಅದು ಸ್ವಭಾವವಲ್ಲ, ವ್ಯಾಧಿ. ಆತಂಕದ ಈ ಎರಡು ರೂಪಗಳೂ ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಇಮ್ಮಡಿಯೆಂಬುದು ವೈದ್ಯರು ಕಂಡುಕೊಂಡ ಸಂಗತಿ. ಆದರೂ "ಆಕಿದು ಮೊದಲಿಂದ ಹಂಗ" ಎಂಬ ಒಂದೇ ಮಾತಿನಲ್ಲಿ ಎಷ್ಟೋ ಮನೆಗಳು ಅದನ್ನು ಮುಗಿಸಿಬಿಡುತ್ತವೆ.

ನದಿಯ ದಂಡೆಯಲ್ಲಿ ಚಿಂತೆಗೆ ಕಾರಣಗಳು ಕಾಲ್ಪನಿಕವಲ್ಲ. 2005, 2019, 2021ರ ಮಹಾಪೂರಗಳನ್ನು ಕಂಡ ಊರುಗಳಲ್ಲಿ, ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟರೆಂಬ ಸುದ್ದಿಯಾಗಲಿ, ಕಲ್ಲೋಳ ಯಡೂರ ಸೇತುವೆ ಮುಳುಗಿತೆಂಬ ವಾರ್ತೆಯಾಗಲಿ, ಕಾಳುಕಡಿಯನ್ನು ಅಟ್ಟಕ್ಕೇರಿಸಿ ದನಗಳ ಹಗ್ಗ ಬಿಚ್ಚುವ ಎಚ್ಚರವನ್ನು ಹುಟ್ಟಿಸುವುದು ವಿವೇಕವೇ ಸರಿ. ನೀರು ಇಳಿದು, ಮನೆ ಒಣಗಿ, ಸುಗ್ಗಿಯೂ ಮುಗಿದ ಮೇಲೆ ಒಂದು ಸಾಮಾನ್ಯ ಮಳೆಯ ಸದ್ದಿಗೆ ಎದೆ ನಡುಗಿ, ಮುಳುಗುವ ಕನಸು ಮರಳಿ ಮರಳಿ ಬಂದು, ಹೊಳೆಯ ದಾರಿಯನ್ನೇ ತೊರೆಯುವಂತಾದರೆ ಆಗ ಎಚ್ಚರ ತನ್ನ ಮೇರೆ ಮೀರಿತೆಂದು ತಿಳಿಯತಕ್ಕದ್ದು.

ಹಾಗೆಂದು ಎದೆಬಡಿತವನ್ನೆಲ್ಲ ಗಾಬರಿಯ ಖಾತೆಗೆ ಬರೆಯುವುದು ಇನ್ನೊಂದು ಪ್ರಮಾದ. ಮೊದಲ ಸಲ ಹೀಗಾದಾಗ ದೇಹವನ್ನು ಪರೀಕ್ಷಿಸಿಯೇ ತೀರಬೇಕು. ಎದೆಯ ನಡುವೆ ಭಾರ ಹೇರಿದಂಥ ನೋವು, ಅದು ಎಡತೋಳಿಗೋ ದವಡೆಗೋ ಬೆನ್ನಿಗೋ ಹರಡುವುದು, ನಡೆದರೆ ಅಥವಾ ಭಾರ ಎತ್ತಿದರೆ ಹೆಚ್ಚುವುದು, ಹದಿನೈದು ಇಪ್ಪತ್ತು ನಿಮಿಷ ಕಳೆದರೂ ಇಳಿಯದಿರುವುದು, ಇವು ಹೃದಯಾಘಾತದ ಸೂಚನೆಗಳು. ಆಗ "ಗ್ಯಾಸ್ ಆಗೈತಿ" ಎಂದು ಸೋಡಾ ಕುಡಿಸುತ್ತ ಕೂರದೆ 108ಕ್ಕೆ ಕರೆ ಮಾಡಬೇಕು. ಸಕ್ಕರೆ ಕಾಯಿಲೆಯವರಲ್ಲಿಯೂ ಹೆಂಗಸರಲ್ಲಿಯೂ ಹೃದಯಾಘಾತ ನೋವಿಲ್ಲದೆ ಬರಿಯ ಆಯಾಸದ ರೂಪದಲ್ಲಿ ಬರುವುದುಂಟು. ಥೈರಾಯಿಡ್ ದೋಷ, ರಕ್ತಹೀನತೆ, ದಮ್ಮು, ಗುಳಿಗೆ ನುಂಗಿ ಊಟ ತಪ್ಪಿಸಿದ ಮಧುಮೇಹಿಯ ರಕ್ತದಲ್ಲಿ ಸಕ್ಕರೆ ಕುಸಿಯುವುದು, ನಿತ್ಯ ಕುಡಿಯುವವನು ಒಮ್ಮೆಗೇ ಬಿಟ್ಟಾಗಿನ ನಡುಕ, ಇವೆಲ್ಲವೂ ಗಾಬರಿಯ ವೇಷ ತೊಡಬಲ್ಲವು.

ಈ ಸೀಮೆಗೆ ವಿಶೇಷವಾಗಿ ಸಲ್ಲುವ ಎರಡು ವೇಷಗಳನ್ನು ಬೇರೆಯಾಗಿಯೇ ಹೇಳಬೇಕು. ನಿಪ್ಪಾಣಿಯ ಸುತ್ತಲಿನ ಹೊಲಗಳಲ್ಲಿ ಇಬ್ಬನಿಯಿಂದ ತೊಯ್ದ ಹಸಿ ತಂಬಾಕಿನ ಎಲೆಯನ್ನು ಬರಿಗೈಯಲ್ಲಿ ಮುರಿಯುವವರ ಮೈಗೆ ಚರ್ಮದ ಮೂಲಕವೇ ನಿಕೋಟಿನ್ ಇಳಿದು, ವಾಕರಿಕೆ, ತಲೆಸುತ್ತು, ಬೆವರು, ನಿಶ್ಶಕ್ತಿ ಉಂಟಾಗುತ್ತವೆ. ಕೈಗವಸು, ಉದ್ದ ತೋಳಿನ ಅಂಗಿ, ಕೆಲಸದ ನಂತರ ಸಾಬೂನಿನ ಸ್ನಾನ ಇದನ್ನು ತಡೆಯುವ ಉಪಾಯಗಳು. ಬೆಳೆಗೆ ಔಷಧ ಹೊಡೆದು ಬಂದವನಿಗೆ ಬೆವರಿನೊಡನೆ ಜೊಲ್ಲು, ಕಣ್ಣೀರು, ಹೊಟ್ಟೆ ನುಲಿತ, ಮಂಜಾದ ದೃಷ್ಟಿ, ಚುಕ್ಕೆಯಷ್ಟು ಕುಗ್ಗಿದ ಕಣ್ಣಪಾಪೆ ಕಂಡರೆ ಅದು ಕೀಟನಾಶಕದ ವಿಷ. ಔಷಧದ ಡಬ್ಬಿಯ ಸಮೇತ ಅವನನ್ನು ಆಸ್ಪತ್ರೆಗೆ ಒಯ್ಯುವುದರಲ್ಲಿ ಕ್ಷಣವೂ ತಡವಾಗಕೂಡದು.

ಭಯವು ಒಬ್ಬರಿಂದ ಒಬ್ಬರಿಗೆ ಹರಡುವುದನ್ನೂ ನಾವು ಕಂಡಿದ್ದೇವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡ ಬಳಿಕವೂ, 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗಲೂ, ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಪರೀಕ್ಷೆಗಾಗಿ ಜನ ಕಿಕ್ಕಿರಿದು ನಿಂತರು. ಒಮ್ಮೆ ಪರೀಕ್ಷಿಸಿಕೊಳ್ಳುವುದು ಜಾಣತನ. ಎಲ್ಲವೂ ಸರಿಯೆಂದು ಕಂಡ ಮೇಲೂ ಊರೂರು ತಿರುಗಿ ಅದೇ ಪರೀಕ್ಷೆಗಳಿಗೆ ಹಣ ತೆರುವುದು ಆ ಆತಂಕದ್ದೇ ಒಂದು ಲಕ್ಷಣ. ಗಾಬರಿಯ ಆವೇಗ ಹೊಸ ಕಾಲದ ರೋಗವೂ ಅಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಹೃದಯದ ದೋಷವಿಲ್ಲದೆಯೇ ಕಂಡ ಎದೆಬಡಿತ, ಎದೆನೋವುಗಳನ್ನು ಡಾ ಕೋಸ್ಟಾ ಎಂಬ ವೈದ್ಯರು 1871ರಲ್ಲಿಯೇ ವರ್ಣಿಸಿದ್ದರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಸೂಚಿಯಲ್ಲಿ ಗಾಬರಿಯ ವ್ಯಾಧಿಗೆ ಸ್ವತಂತ್ರ ಸ್ಥಾನ ಕೊಟ್ಟಿತು.

ಒಂದು ಆವೇಗದಿಂದಲೇ ಯಾರೂ ರೋಗಿಯಾಗುವುದಿಲ್ಲ; ಜೀವಮಾನದಲ್ಲಿ ಒಂದೆರಡು ಸಲ ಅದನ್ನು ಅನುಭವಿಸಿ ಮರೆತವರು ಅನೇಕರು. ಮತ್ತೆ ಬಂದೀತೆಂಬ ಭಯ ಬದುಕನ್ನು ಕಿರಿದುಗೊಳಿಸತೊಡಗಿದಾಗ ನಿಜವಾದ ಹಾನಿ ಆರಂಭವಾಗುತ್ತದೆ. ಬಸ್ಸಿನಲ್ಲಿ ಹಾಗಾಯಿತೆಂದು ಅಂಥವನು ಬಸ್ಸು ಬಿಡುತ್ತಾನೆ. ಜನಸಂದಣಿಯೆಂದು ಚಿಂಚಲಿ ಮಾಯಕ್ಕನ ಜಾತ್ರೆ ಬಿಡುತ್ತಾನೆ. ಒಬ್ಬನೇ ಎಂದು ತೋಟದ ಮನೆಯಲ್ಲಿ ಮಲಗುವುದನ್ನು ಬಿಡುತ್ತಾನೆ. ಬಿಟ್ಟಷ್ಟೂ ಭಯ ಬೆಳೆಯುತ್ತದೆ. ಕೆಲವರು ಸಂಜೆಯ ಕುಡಿತದಲ್ಲಿಯೋ, ಹಳೆಯ ಚೀಟಿ ತೋರಿಸಿ ತಂದ ನಿದ್ರೆಗುಳಿಗೆಯಲ್ಲಿಯೋ ಆಶ್ರಯ ಹುಡುಕಿ, ಒಂದು ಬಂಧನದಿಂದ ಪಾರಾಗಲು ಮತ್ತೊಂದಕ್ಕೆ ಸಿಲುಕುತ್ತಾರೆ.

ಪರೀಕ್ಷೆಯಾಗಿ, ಇದು ಗಾಬರಿಯೇ ಎಂದು ನಿಶ್ಚಯವಾದವರು ಆವೇಗ ಬಂದಾಗ ಇದ್ದಲ್ಲಿಯೇ ಕುಳಿತು, ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡುತ್ತ, ಅದರೊಡನೆ ಸೆಣಸದೆ ಇಳಿಯುವವರೆಗೆ ಕಾಯುವುದು ಮೇಲು. ಬಳಿಯಲ್ಲಿದ್ದವರು ಮುತ್ತಿಕೊಂಡು ಗದ್ದಲ ಮಾಡದೆ, ಒಬ್ಬರು ಮಾತ್ರ ಪಕ್ಕದಲ್ಲಿ ಕುಳಿತು, "ತಮ್ಮಾ, ಇದು ಗಾಬರಿ, ಮೊನ್ನೆ ಇಳಿದಂಗ ಈಗೂ ಇಳೀತೈತಿ, ನಾ ಇಲ್ಲೇ ಅದೀನಿ" ಎಂದರೆ ಅದು ಸಲಾಯಿನ್‌ಗಿಂತ ಹೆಚ್ಚು ಫಲಕೊಡುತ್ತದೆ.

ಆವೇಗಗಳು ಮರುಕಳಿಸುತ್ತಿದ್ದರೆ ಚಿಕಿತ್ಸೆ ಬೇಕು. ಭಯದ ಲೆಕ್ಕಾಚಾರವನ್ನು ಪರಿಶೀಲಿಸಿ, ಬಿಟ್ಟ ಬಸ್ಸನ್ನೂ ಜಾತ್ರೆಯನ್ನೂ ಹಂತಹಂತವಾಗಿ ಮರಳಿ ಗಳಿಸಿಕೊಡುವ ಮಾತಿನ ಚಿಕಿತ್ಸೆ ಒಂದು. ಎರಡು ಮೂರು ವಾರಗಳ ಬಳಿಕ ಗುಣ ತೋರತೊಡಗುವ, ವೈದ್ಯರು ಹೇಳುವತನಕ ತಿಂಗಳುಗಟ್ಟಲೆ ಬಿಡದೆ ತೆಗೆದುಕೊಳ್ಳಬೇಕಾದ, ಚಟವಾಗದ ಔಷಧಗಳು ಇನ್ನೊಂದು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿಯೂ ಧಾರವಾಡದ ಡಿಮ್ಹಾನ್ಸ್‌ನಲ್ಲಿಯೂ ಮನೋವೈದ್ಯರಿದ್ದಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಶುಲ್ಕವಿಲ್ಲದೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ, ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಮನೋವ್ಯಾಧಿಗಳನ್ನು ಗುರುತಿಸಿ ಚಿಕಿತ್ಸೆ ಕೊಡಬಲ್ಲರೆಂದು ತೋರಿಸಿತು. ಆ ಮಾದರಿಯೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಆದಾಗ್ಯೂ 2015–16ರ ರಾಷ್ಟ್ರೀಯ ಸಮೀಕ್ಷೆ ಕಂಡಂತೆ, ವ್ಯಾಧಿಯ ಬಗೆಗನುಗುಣವಾಗಿ ಶೇ. 70ರಿಂದ 92ರಷ್ಟು ಜನ ಚಿಕಿತ್ಸೆಯ ಹೊರಗೇ ಉಳಿದಿದ್ದರು. ವೈದ್ಯರ ಕೊರತೆ ಇದಕ್ಕೊಂದು ಕಾರಣವಾದರೆ, "ಮಂದಿ ಏನಂದಾರು" ಎಂಬ ಅಳುಕು ಇನ್ನೊಂದು. ಮೊದಲ ಕೊರತೆಯನ್ನು ನೀಗಿಸುವುದು ಸರಕಾರದ ಹೊಣೆ. ಎರಡನೆಯದನ್ನು ನೀಗಿಸಲು ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಕಟ್ಟೆಯ ಮೇಲೆ ಕುಳಿತು ಎಲ್ಲರೆದುರು ನುಂಗುವ ನಾವು, ಮನಸ್ಸಿನ ಗುಳಿಗೆಗೂ ಅದೇ ಸ್ಥಾನ ಕೊಟ್ಟರೆ ಸಾಕು.