ಈಸ್ಟರ್ ಅಂದ್ರೆ ಏನು? ಸತ್ತ ಮೇಲಿನ ಮಾತಷ್ಟೇ ಅಲ್ಲ, ನಾಳೆ ಬೆಳಗ್ಗೆಯ ಮಾತೂ ಹೌದು

ಗುಡ್ ಫ್ರೈಡೆ ಎಲ್ಲರಿಗೂ ಗೊತ್ತು, ಯಾಕಂದ್ರೆ ಅವತ್ತು ಬ್ಯಾಂಕಿಗೆ ರಜೆ. ಅದಾಗಿ ಎರಡೇ ದಿನಕ್ಕೆ ಬರುವ ಈಸ್ಟರ್ ಯಾವಾಗಲೂ ಭಾನುವಾರವೇ ಬೀಳೋದರಿಂದ ಎಷ್ಟೋ ಜನರ ಗಮನಕ್ಕೇ ಬರಲ್ಲ. ಆದರೆ ಕ್ರೈಸ್ತರಿಗೆ ಅದೇ ದೊಡ್ಡ ಹಬ್ಬ. ಶುಕ್ರವಾರ ಯೇಸು ಶಿಲುಬೆಯ ಮೇಲೆ ಸತ್ತ ದಿನ, ಹಾಗಾಗಿ ಅವತ್ತು 'ಹ್ಯಾಪಿ' ಅಂತ ಮೆಸೇಜ್ ಹಾಕೋದು ಸರಿಯಲ್ಲ. ಶುಭಾಶಯ ಹೇಳಬೇಕಾದದ್ದು ಭಾನುವಾರ.

ದಿನಾಂಕ ವರ್ಷವರ್ಷ ಬದಲಾಗೋದಕ್ಕೂ ಕಾರಣ ಇದೆ. ಮಾರ್ಚ್ 21 ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೇಲಿನ ಮೊದಲ ಭಾನುವಾರವೇ ಈಸ್ಟರ್. ನಮ್ಮ ಹಬ್ಬಗಳ ಹಾಗೆ ಇದಕ್ಕೂ ಚಂದ್ರನ ಲೆಕ್ಕ.

ಪುನರ್ಜನ್ಮ ಬೇರೆ, ಪುನರುತ್ಥಾನ ಬೇರೆ

ಇವೆರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ಪುನರ್ಜನ್ಮ ಅಂದ್ರೆ ಅದೇ ಆತ್ಮ ಬೇರೆ ದೇಹದಲ್ಲಿ ಹುಟ್ಟಿ ಬರೋದು. ಪುನರುತ್ಥಾನ ಅಂದ್ರೆ ಸತ್ತ ವ್ಯಕ್ತಿಯೇ, ಅದೇ ಹೆಸರು ಅದೇ ಗುರುತಿನೊಂದಿಗೆ, ಮತ್ತೆ ಸಾಯದ ಹೊಸ ಬದುಕಿಗೆ ಏಳೋದು. ಯೇಸು ಮೂರನೇ ದಿನ ಹಾಗೆ ಎದ್ದರು, ಮುಂದೊಂದು ದಿನ ನಾವೂ ಏಳ್ತೀವಿ ಅನ್ನೋದು ಕ್ರೈಸ್ತರ ನಂಬಿಕೆ.

ನಮ್ಮ ಜಿಲ್ಲೆಯವರಿಗೆ ಇದನ್ನು ಶೆಟ್ಟಿಹಳ್ಳಿ ಚರ್ಚ್ ಇಟ್ಟುಕೊಂಡು ಹೇಳಬಹುದು. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಈ ಚರ್ಚ್, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿನ ಪಾಲಾಯಿತು. ಮಳೆಗಾಲದಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಮೇಲೆ ಕಾಣುತ್ತೆ. ನೋಡಿದವರು 'ಸತ್ತು ಮತ್ತೆ ಎದ್ದು ಬಂದ ಚರ್ಚ್' ಅಂತಾರೆ. ಮಾತು ಚೆನ್ನಾಗಿದೆ, ಆದರೆ ಪೂರ್ತಿ ಸರಿ ಅಲ್ಲ. ನೀರು ಇಳಿದಾಗ ಬರೋದು ಅದೇ ಹಳೇ ಗೋಡೆ, ಮುಂದಿನ ಮಳೆಗೆ ಮತ್ತೆ ಮುಳುಗೋದು ಖಚಿತ. ಊರಿನ ಜನ ಮಾತ್ರ ಬೇರೆ ಕಡೆ ನೆಲೆ ನಿಂತು, ಮನೆ ಕಟ್ಟಿ ಬದುಕು ಶುರು ಮಾಡಿದರು. ಪುನರುತ್ಥಾನದ ಗುರುತು ಹುಡುಕೋದಾದರೆ ಗೋಡೆಗಿಂತ ಆ ಜನರ ಬದುಕಲ್ಲಿ ಹುಡುಕಬೇಕು.

ಗಾಯ ಮಾಯವಾಗಲಿಲ್ಲ

ಬೈಬಲ್‌ನಲ್ಲಿ ಈ ಘಟನೆ ದೊಡ್ಡ ಆರ್ಭಟದಿಂದ ಶುರುವಾಗಲ್ಲ. ಮಾರ್ಕನ ಪ್ರಕಾರ, ವಿಶ್ರಾಂತಿಯ ದಿನ ಕಳೆದ ಕೂಡಲೇ ಮೂವರು ಹೆಂಗಸರು ಸುಗಂಧದ್ರವ್ಯ ಕೊಂಡುತಂದು, ಭಾನುವಾರ ಬೆಳ್ಳಂಬೆಳಗ್ಗೆ ಸಮಾಧಿ ಕಡೆ ನಡೆದರು. ಬಾಗಿಲಿಗಿಟ್ಟ ದೊಡ್ಡ ಕಲ್ಲನ್ನು ಸರಿಸೋರು ಯಾರು ಅಂತ ದಾರಿಯುದ್ದಕ್ಕೂ ಅವರಿಗೆ ಚಿಂತೆ. ಉತ್ತರ ಗೊತ್ತಿರಲಿಲ್ಲ, ಆದರೂ ಹೊರಟರು. ಹೋಗಿ ನೋಡಿದರೆ ಕಲ್ಲು ಸರಿದಿತ್ತು.

ಅಂಗಡಿ ನಡೆಸೋರಿಗೆ ಇದು ಬೇಗ ಅರ್ಥವಾಗುತ್ತೆ. ನಿನ್ನೆ ವ್ಯಾಪಾರ ಆಗಿಲ್ಲ, ಚೀಟಿ ಕಂತು ಬಾಕಿ ಇದೆ, ಆದರೂ ಬೆಳಗ್ಗೆ ಎದ್ದು ಶಟರ್ ಎತ್ತಲೇಬೇಕು. ಎಲ್ಲಾ ಸರಿಯಾದ ಮೇಲೆ ಹೊರಡ್ತೀನಿ ಅಂತ ಕೂತವರಿಗೆ ಕಲ್ಲು ಸರಿದದ್ದು ಗೊತ್ತೇ ಆಗಲ್ಲ.

ಯೋಹಾನ ಇನ್ನೊಂದು ವಿಷಯ ಹೇಳ್ತಾನೆ. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು. ಆ ಗಾಯ ನೋಡಿದ ಮೇಲೇ ತೋಮ ನಂಬಿದ್ದು. ಅಂದ್ರೆ ಭರವಸೆ ಅನ್ನೋದು ಆದದ್ದನ್ನೆಲ್ಲ ಅಳಿಸಿ ಹಾಕೋದಲ್ಲ. ಗಂಡನನ್ನೋ ಮಗನನ್ನೋ ಕಳೆದುಕೊಂಡ ಮನೆಗೆ 'ಮರೆತುಬಿಡಿ' ಅಂತ ಹೇಳೋದು ಪುನರುತ್ಥಾನದ ಮಾತಲ್ಲ. ಗಾಯ ಇದ್ದೂ ಬದುಕು ಮುಂದೆ ಹೋಗಬಹುದು ಅನ್ನೋದೇ ಅದರ ಸಾರ.

2025ರ ಜೂನ್, ಜುಲೈನಲ್ಲಿ ನಮ್ಮ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೊಂದು ಬಂದಾಗ ಎಷ್ಟು ಭಯ ಇತ್ತು ಅನ್ನೋದು ನೆನಪಿರಬಹುದು. ತಪಾಸಣೆಗೆ ಅಂತ ಜನ ಮೈಸೂರಿನ ಜಯದೇವ ಆಸ್ಪತ್ರೆಯವರೆಗೂ ಹೋಗಿ ಕ್ಯೂ ನಿಂತರು. ಸಾವಿನ ಭಯಕ್ಕೆ ಧರ್ಮದ ಗಡಿ ಇಲ್ಲ. ಪುನರುತ್ಥಾನದ ನಂಬಿಕೆ ಇದ್ದವರಿಗೂ ಇಸಿಜಿ ಬೇಕು, ಔಷಧಿ ಬೇಕು. ಸಾವೇ ಕೊನೆ ಮಾತಲ್ಲ ಅನ್ನೋ ಧೈರ್ಯವನ್ನು ಮಾತ್ರ ಆ ನಂಬಿಕೆ ಕೊಡುತ್ತೆ.

ಬೀಜದ ಲೆಕ್ಕ

ಸಂತ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಇದನ್ನು ಬೀಜಕ್ಕೆ ಹೋಲಿಸ್ತಾನೆ. ಮಣ್ಣಿಗೆ ಹಾಕಿದ ಕಾಳು ಕಾಳಾಗಿಯೇ ವಾಪಸ್ ಬರಲ್ಲ, ಪೈರಾಗಿ ಬರುತ್ತೆ. ಬರಕ್ಕೆ ತೋಟ ಒಣಗಿದ ಮೇಲೂ ತೆಂಗಿನ ಸಸಿ ನೆಟ್ಟ ಅರಸೀಕೆರೆ ಕಡೆ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸತ್ತ ಮರ ವಾಪಸ್ ಬರಲ್ಲ. ಹೊಸ ಸಸಿ ಫಲ ಕೊಡೋಕೆ ವರ್ಷಗಟ್ಟಲೆ ಕಾಯಬೇಕು. ಕಾಯೋದು ಅಂದ್ರೆ ಸುಮ್ಮನೆ ಕೂರೋದಲ್ಲ, ನೀರು ಹಾಕ್ತಾ ಇರೋದು.

ಕಥೋಲಿಕ ಚರ್ಚ್‌ಗಳಲ್ಲಿ ಶನಿವಾರ ರಾತ್ರಿಯ ಜಾಗರಣೆ ಶುರುವಾಗೋದೇ ಕತ್ತಲಲ್ಲಿ. ದೀಪ ಎಲ್ಲಾ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ಒಂದು ದೊಡ್ಡ ಮೇಣದಬತ್ತಿ ಹಚ್ಚುತ್ತಾರೆ. ಆ ಬತ್ತಿಯಿಂದ ಪಕ್ಕದವರು, ಅವರಿಂದ ಅವರ ಪಕ್ಕದವರು ಹಚ್ಚಿಕೊಳ್ತಾ ಹೋಗ್ತಾರೆ. ಕೊಟ್ಟವರ ಬೆಳಕು ಕಮ್ಮಿಯಾಗಲ್ಲ.

ಈ ನಂಬಿಕೆ ಒಪ್ಪೋದು ಬಿಡೋದು ಅವರವರಿಗೆ ಬಿಟ್ಟದ್ದು. ಆದರೆ ನಿಮ್ಮ ಬೀದಿಯಲ್ಲಿ ಈ ವರ್ಷ ಸಾವು ಕಂಡ ಮನೆ ಇದ್ದರೆ, ಸಾಲಕ್ಕೆ ಸಿಕ್ಕಿ ಬಾಗಿಲು ಹಾಕಿದ ಅಂಗಡಿ ಇದ್ದರೆ, ಒಂದು ಸಲ ಹೋಗಿ ಮಾತಾಡಿಸಿ ಬನ್ನಿ. ಅದಕ್ಕೆ ಯಾವ ಹಬ್ಬಕ್ಕೂ ಕಾಯಬೇಕಾಗಿಲ್ಲ.